ಬ್ರಾಯ್ಲರ್ ಕೋಳಿಯ ಆಹಾರ: ಸಂಸ್ಕರಣೆ ಮತ್ತು ಎಂಜೈಮ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕಾರ್ಕಳ, ಮೂಡುಬಿದಿರೆ, ಬೆಳ್ತಂಗಡಿ, ಬ್ರಹ್ಮಾವರದ ಕಡೆಯ ಕೋಳಿ ಸಾಕಣೆದಾರರು ಶೆಡ್ಡಿನ ಬಾಗಿಲಲ್ಲಿ ನಿಂತು ಕೇಳಿದ, ಪತ್ರದಲ್ಲಿ ಬರೆದು ಕಳಿಸಿದ ಪ್ರಶ್ನೆಗಳಲ್ಲಿ ಮತ್ತೆ ಮತ್ತೆ ಬರುವವನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಕೋಳಿ ಸಾಕದೆ ತಿನ್ನುವವರು ಮಾತ್ರ ಆಗಿರುವವರ ಪ್ರಶ್ನೆಗಳೂ ಒಂದೆರಡಿವೆ. ಸುಲಭದ್ದು ಮೊದಲು, ಲೆಕ್ಕಾಚಾರ ಬೇಡುವುದು ಕೊನೆಗೆ ಇದೆ. ಬೇಕಾದ ಪ್ರಶ್ನೆಯನ್ನು ಮಾತ್ರ ಓದಿದರೂ ಉತ್ತರ ಪೂರ್ತಿಯಾಗಿ ಸಿಗುವಂತೆ ಬರೆದಿದ್ದೇನೆ.

## ಮೊದಲ ತಿಳಿವಳಿಕೆ

ಫೀಡಿಗೆ ಎಂಜೈಮ್ ಹಾಕುತ್ತಾರಂತಲ್ಲ, ಅದು ಹಾರ್ಮೋನೋ, ಔಷಧವೋ? ಮಾಂಸದಲ್ಲಿ ಉಳಿಯುತ್ತದೆಯೇ?

ಎರಡೂ ಅಲ್ಲ. ಎಂಜೈಮ್ ಅಂದರೆ ಕಿಣ್ವ. ಅದೊಂದು ಬಗೆಯ ಪ್ರೋಟೀನು. ಆಸ್ಪರ್ಜಿಲಸ್, ಟ್ರೈಕೋಡರ್ಮಾ ಮುಂತಾದ ಶಿಲೀಂಧ್ರಗಳನ್ನೋ ಕೆಲವು ಬ್ಯಾಕ್ಟೀರಿಯಾಗಳನ್ನೋ ದೊಡ್ಡ ತೊಟ್ಟಿಗಳಲ್ಲಿ ಹುದುಗಿಸಿ ಅದನ್ನು ತಯಾರಿಸುತ್ತಾರೆ. ಕೋಳಿಯ ಅನ್ನಚೀಲದಿಂದ ಸಣ್ಣಕರುಳಿನವರೆಗಿನ ದಾರಿಯಲ್ಲಿ ತನ್ನ ಕೆಲಸ ಮುಗಿಸಿ, ಕೊನೆಗೆ ಉಳಿದ ಪ್ರೋಟೀನಿನಂತೆ ತಾನೂ ಜೀರ್ಣವಾಗುತ್ತದೆ. ಆದ್ದರಿಂದ ಕೆಲವು ಔಷಧಗಳಿಗೆ ಇರುವಂತೆ ಮಾರಾಟಕ್ಕೆ ಇಷ್ಟು ದಿನ ಮೊದಲು ನಿಲ್ಲಿಸಬೇಕು ಎಂಬ ನಿಯಮ ಇದಕ್ಕೆ ಬೇಕಾಗುವುದಿಲ್ಲ.

ಬ್ರಾಯ್ಲರ್ ಆರು ವಾರಗಳಲ್ಲಿ 2 ಕಿಲೋ ದಾಟುವುದು ದಶಕಗಳ ತಳಿ ಆಯ್ಕೆಯಿಂದ ಮತ್ತು ಅದಕ್ಕೆ ಸರಿಹೊಂದುವ ಆಹಾರದಿಂದ. ಬೆಳವಣಿಗೆಯ ಹಾರ್ಮೋನು ಸ್ವತಃ ಪ್ರೋಟೀನು. ಅದನ್ನು ಆಹಾರದಲ್ಲಿ ಬೆರೆಸಿದರೆ ಹೊಟ್ಟೆಯಲ್ಲೇ ಒಡೆದು ಹೋಗುತ್ತದೆಯಾದ್ದರಿಂದ ಬೆರೆಸುವುದರಲ್ಲಿ ಅರ್ಥವೇ ಇಲ್ಲ. ಕೋರಿ ರೊಟ್ಟಿ ತಿನ್ನುವವರು ಎಂಜೈಮಿಗಾಗಿ ಹೆದರಬೇಕಾಗಿಲ್ಲ. ಎಚ್ಚರ ಬೇಕಾದದ್ದು ಅದನ್ನು ಬೆರೆಸುವ ಕೆಲಸಗಾರರಿಗೆ. ಎಂಜೈಮಿನ ನುಣ್ಣನೆಯ ಹುಡಿ ಉಸಿರಿನೊಂದಿಗೆ ಪದೇ ಪದೇ ಒಳಗೆ ಹೋದರೆ ಅಲರ್ಜಿ, ದಮ್ಮು ಬರಬಹುದು. ಮಾಸ್ಕ್ ಇಲ್ಲದೆ ಚೀಲ ಬಿಚ್ಚಬಾರದು.

ಕೋಳಿಯ ಹೊಟ್ಟೆಯಲ್ಲೇ ಜೀರ್ಣರಸ ಇದೆಯಲ್ಲ, ಮತ್ತೆ ಹೊರಗಿನಿಂದ ಯಾಕೆ ಕೊಡಬೇಕು?

ಪಿಷ್ಟ, ಪ್ರೋಟೀನು, ಕೊಬ್ಬನ್ನು ಒಡೆಯುವ ರಸಗಳು ಕೋಳಿಗೆ ಇವೆ. ಆದರೆ ಕಾಳಿನ ಜೀವಕೋಶಗಳ ಗೋಡೆ ಕಟ್ಟಿರುವ ನಾರನ್ನು, ಅಂದರೆ ಕ್ಸೈಲಾನ್, ಗ್ಲೂಕಾನ್, ಮ್ಯಾನನ್ ಮುಂತಾದವನ್ನು ಒಡೆಯುವ ಕಿಣ್ವ ಕೋಳಿಯ ಮೈಯಲ್ಲಿ ತಯಾರಾಗುವುದಿಲ್ಲ. ಹಸುವಿನ ಹೊಟ್ಟೆಯಲ್ಲಿ ಸೂಕ್ಷ್ಮಜೀವಿಗಳು ಈ ಕೆಲಸ ಮಾಡಿಕೊಡುತ್ತವೆ. ಕೋಳಿಯಲ್ಲಿ ಅಂಥ ಜೀವಿಗಳು ಮುಖ್ಯವಾಗಿ ಇರುವುದು ಕರುಳಿನ ಕೊನೆಯ ಭಾಗದಲ್ಲಿ, ಅಲ್ಲಿಗೆ ತಲುಪುವ ಹೊತ್ತಿಗೆ ಹೀರಿಕೊಳ್ಳುವ ಜಾಗ ದಾಟಿ ಹೋಗಿರುತ್ತದೆ. ಕಾಳಿನಲ್ಲಿ ಬಂಧಿಯಾಗಿರುವ ರಂಜಕವನ್ನು ಬಿಡಿಸುವ ಫೈಟೇಸ್ ಕೂಡ ಕೋಳಿಯ ಕರುಳಲ್ಲಿ ಸಾಲದಷ್ಟೇ ಇದೆ. ಮೊಟ್ಟೆಯೊಡೆದು ಬಂದ ಮೊದಲ ವಾರದಲ್ಲಂತೂ ಮರಿಗೆ ತನ್ನದೇ ಜೀರ್ಣರಸಗಳೂ ಪೂರ್ತಿ ಒದಗುವುದಿಲ್ಲ. ತಿಂದದ್ದು ಕೆಲವೇ ಗಂಟೆಗಳಲ್ಲಿ ಹೊರಗೆ ಬರುವುದರಿಂದ ನಿಧಾನವಾಗಿ ಒಡೆಯುವ ವಸ್ತು ಒಡೆಯದೆಯೇ ಹಿಕ್ಕೆಯಾಗುತ್ತದೆ.

ಇಷ್ಟೆಲ್ಲ ತಲೆಕೆಡಿಸಿಕೊಂಡರೆ ಉಳಿಯುವುದು ಎಷ್ಟು?

ಬ್ರಾಯ್ಲರ್ ಸಾಕಣೆಯ ಖರ್ಚಿನಲ್ಲಿ ಆಹಾರದ ಪಾಲು ಸುಮಾರು ಮೂರರಲ್ಲಿ ಎರಡು ಭಾಗ. ಒಂದು ಕಿಲೋ ತೂಕ ಬರಲು ಕೋಳಿ ತಿನ್ನುವ ಆಹಾರದ ಪ್ರಮಾಣವನ್ನು ಎಫ್‌ಸಿಆರ್ ಎನ್ನುತ್ತಾರೆ. 2 ಕಿಲೋ ತೂಗುವ ಕೋಳಿ 1.7 ಎಫ್‌ಸಿಆರ್‌ನಲ್ಲಿ 3.4 ಕಿಲೋ ತಿಂದಿರುತ್ತದೆ, 1.6ರಲ್ಲಿ 3.2 ಕಿಲೋ. ಕೋಳಿಯೊಂದಕ್ಕೆ 200 ಗ್ರಾಂ ವ್ಯತ್ಯಾಸ ಕಣ್ಣಿಗೆ ಕಾಣುವುದಿಲ್ಲ. 5,000 ಕೋಳಿಗಳ ಶೆಡ್ಡಿನಲ್ಲಿ ಅದು ಒಂದು ಟನ್, ಅಂದರೆ 50 ಕಿಲೋದ 20 ಗೋಣಿ. ಕಂಪೆನಿಯ ಮರಿ, ಕಂಪೆನಿಯ ಫೀಡ್ ತಂದು ಕೂಲಿಗೆ ಸಾಕುವವರಿಗೂ ಕಿಲೋವಿಗೆ ಇಷ್ಟು ಎಂದು ಸಿಗುವ ಹಣ ಸಾಮಾನ್ಯವಾಗಿ ಇದೇ ಲೆಕ್ಕವನ್ನು ನೋಡಿಕೊಂಡು ಏರಿಳಿಯುತ್ತದೆ.

## ಅರೆಯುವುದು, ಹಬೆ ಹಾಯಿಸುವುದು, ಒತ್ತುವುದು

ಮ್ಯಾಶ್, ಕ್ರಂಬಲ್, ಪೆಲೆಟ್: ಮೂರರಲ್ಲಿ ಯಾವುದನ್ನು ಕೊಡಬೇಕು?

ಅರೆದು ಬೆರೆಸಿದ ಹುಡಿಯೇ ಮ್ಯಾಶ್. ಅದಕ್ಕೆ ಹಬೆ ಹಾಯಿಸಿ, ತೂತುಗಳಿರುವ ಉಕ್ಕಿನ ಅಚ್ಚಿನ ಮೂಲಕ ಒತ್ತಿ ತೆಗೆದರೆ ಪೆಲೆಟ್. ಪೆಲೆಟನ್ನು ಮತ್ತೆ ಒಡೆದರೆ ಕ್ರಂಬಲ್. ಮೊದಲ ಹತ್ತು–ಹನ್ನೆರಡು ದಿನ ಮರಿಗಳಿಗೆ ಕ್ರಂಬಲ್, ಆಮೇಲೆ 3ರಿಂದ 4 ಮಿಲಿಮೀಟರ್ ದಪ್ಪದ ಪೆಲೆಟ್ ಎನ್ನುವುದು ಬ್ರಾಯ್ಲರಿಗೆ ಒಗ್ಗಿದ ಕ್ರಮ.

ಪೆಲೆಟ್‌ನ ಲಾಭ ಬಹುಪಾಲು ತಿನ್ನುವ ರೀತಿಯಿಂದ ಬರುತ್ತದೆ. ಮ್ಯಾಶ್‌ನಲ್ಲಿ ಕೋಳಿ ಮೆಕ್ಕೆಜೋಳದ (ಇಲ್ಲಿ ಜೋಳ ಎಂದಲ್ಲೆಲ್ಲ ಮೆಕ್ಕೆಜೋಳವೇ) ದಪ್ಪ ಚೂರುಗಳನ್ನು ಆರಿಸಿ ತಿಂದು, ಖನಿಜ ಮತ್ತು ವಿಟಮಿನ್ ಇರುವ ಹುಡಿಯನ್ನು ಬಿಡುತ್ತದೆ. ಪೆಲೆಟ್‌ನಲ್ಲಿ ಪ್ರತಿ ತುತ್ತಿನಲ್ಲೂ ಎಲ್ಲವೂ ಇರುತ್ತದೆ. ಚೆಲ್ಲುವುದು ಕಡಿಮೆ. ತಿನ್ನಲು ಹಿಡಿಯುವ ಹೊತ್ತೂ ಶ್ರಮವೂ ಕಡಿಮೆಯಾಗಿ ಆ ಶಕ್ತಿ ತೂಕವಾಗುತ್ತದೆ. ಏಪ್ರಿಲ್–ಮೇ ತಿಂಗಳ ಸೆಕೆಯಲ್ಲಿ, ಬಾಯಿ ತೆರೆದು ಏದುಸಿರು ಬಿಡುವ ಕೋಳಿಗೆ ಬೆಳಗಿನ ತಂಪಿನ ಸ್ವಲ್ಪ ಹೊತ್ತಿನಲ್ಲೇ ಹೊಟ್ಟೆ ತುಂಬಿಸಿಕೊಳ್ಳಲು ಆಗುವುದು ನಮ್ಮ ಕರಾವಳಿಗೆ ದೊಡ್ಡ ಅನುಕೂಲ.

ಇದಕ್ಕೊಂದು ಬೆಲೆಯೂ ಇದೆ. ಪೆಲೆಟ್ ತಿಂದ ಕೋಳಿ ಹೆಚ್ಚು ತಿಂದು ಬೇಗ ಬೆಳೆಯುವುದರಿಂದ ಹೃದಯ, ಶ್ವಾಸಕೋಶಗಳ ಮೇಲೆ ಒತ್ತಡ ಬೀಳುತ್ತದೆ. ಹೊಟ್ಟೆಯಲ್ಲಿ ನೀರು ತುಂಬುವ ಅಸೈಟಿಸ್ ಮತ್ತು ಹಠಾತ್ ಸಾವು ಅಂಥ ಹಿಂಡುಗಳಲ್ಲಿ ಹೆಚ್ಚು.

ಜೋಳವನ್ನು ನುಣ್ಣಗೆ ಹುಡಿ ಮಾಡಿದಷ್ಟು ಬೇಗ ಜೀರ್ಣವಾಗುವುದಿಲ್ಲವೇ?

ಹಾಗೆ ತೋರುತ್ತದೆ, ಆದರೆ ಕೋಳಿಯ ವಿಷಯದಲ್ಲಿ ಅದು ಪೂರ್ತಿ ಸರಿಯಲ್ಲ. ಕೋಳಿಗೆ ಹಲ್ಲಿಲ್ಲ, ಅರೆಯುವ ಕೆಲಸ ಗಿಜರ್ಡ್ ಎಂಬ ದಪ್ಪ ಸ್ನಾಯುವಿನ ಹೊಟ್ಟೆಯದು. ದಪ್ಪ ಚೂರುಗಳು ಅಲ್ಲಿ ತಡೆದು ನಿಂತು ಅರೆಯಲ್ಪಡುತ್ತವೆ, ಆ ಹೊತ್ತಿನಲ್ಲಿ ಆಮ್ಲ ಮತ್ತು ಪೆಪ್ಸಿನ್ ಚೆನ್ನಾಗಿ ಬೆರೆಯುತ್ತವೆ, ಆಹಾರ ಹಿಂದಕ್ಕೂ ಮುಂದಕ್ಕೂ ಹೊಯ್ದಾಡಿ ಮತ್ತೊಮ್ಮೆ ರಸ ಹೀರುತ್ತದೆ. ಎಲ್ಲವನ್ನೂ ಹಿಟ್ಟು ಮಾಡಿ ಕೊಟ್ಟರೆ ಗಿಜರ್ಡಿಗೆ ಕೆಲಸವಿಲ್ಲದೆ ಅದು ತೆಳ್ಳಗಾಗಿ ಸಡಿಲ ಚೀಲವಾಗುತ್ತದೆ, ಆಹಾರ ನಿಲ್ಲದೆ ಕರುಳಿಗೆ ಜಾರುತ್ತದೆ. ಕೋಳಿ ಕೊಯ್ಯುವಾಗ ಗಿಜರ್ಡನ್ನು ಕೈಯಲ್ಲಿ ಹಿಡಿದು ನೋಡಿ. ಗಟ್ಟಿಯಾಗಿ, ಎರಡೂ ಬದಿ ಉಬ್ಬಿ, ಕತ್ತರಿಸಿದಾಗ ಒಳಗಿನ ಹಳದಿ ಪೊರೆ ದೃಢವಾಗಿದ್ದರೆ ಅರೆತ ಸರಿಯಿದೆ. ಮೆತ್ತಗೆ, ಅದಕ್ಕಿಂತ ಮೊದಲು ಬರುವ ಜಠರದೊಂದಿಗೆ ಸೇರಿ ಒಂದೇ ಚೀಲದಂತೆ ಕಂಡರೆ ಹುಡಿ ಅತಿಯಾಗಿದೆ.

ಸುತ್ತಿಗೆ ಗಿರಣಿಯಲ್ಲಿ ಜರಡಿಯ ತೂತು ಸಣ್ಣದಾದಷ್ಟು ವಿದ್ಯುತ್ ಖರ್ಚೂ ಏರುತ್ತದೆ. ಪೆಲೆಟ್ ಒತ್ತುವಾಗ ಚೂರುಗಳು ಇನ್ನಷ್ಟು ಒಡೆಯುವುದರಿಂದ ಪೆಲೆಟ್‌ಗೆಂದು ಅರೆಯುವವರು ಜೋಳವನ್ನು ತುಸು ತರಿಯಾಗಿಯೇ ಇಡಬಹುದು. ಆಹಾರ ಗಿಜರ್ಡಿನಲ್ಲಿ ನಿಲ್ಲುವ ಹೊತ್ತು ಹೆಚ್ಚಿದರೆ ಹೊರಗಿನಿಂದ ಕೊಟ್ಟ ಎಂಜೈಮಿಗೂ ಕೆಲಸ ಮಾಡಲು ಸಮಯ ಸಿಗುತ್ತದೆ. ಅರೆತ ಮತ್ತು ಎಂಜೈಮನ್ನು ಬೇರೆ ಬೇರೆ ವಿಷಯವೆಂದು ನೋಡಬಾರದು ಎಂದು ನಾನು ಒತ್ತಿ ಹೇಳುವುದು ಇದಕ್ಕಾಗಿಯೇ.

ಗೋಣಿಯ ತಳದಲ್ಲಿ ಬರೀ ಹುಡಿ ಇರುತ್ತದೆ. ಅದನ್ನು ದೂರು ಹೇಳುವಷ್ಟು ದೊಡ್ಡ ವಿಷಯವೇ?

ಹೌದು. ಪೆಲೆಟ್‌ಗೆ ಕೊಟ್ಟ ಹಣದ ಫಲ ಸಿಗುವುದು ಪೆಲೆಟ್ ಪೆಲೆಟ್ ಆಗಿಯೇ ತಟ್ಟೆ ತಲುಪಿದರೆ ಮಾತ್ರ. ಒಂದು ಗೋಣಿಯ ಮೇಲಿನಿಂದ, ನಡುವಿನಿಂದ, ತಳದಿಂದ ತೆಗೆದ ಆಹಾರವನ್ನು ತೂಗಿ, 2 ಮಿಲಿಮೀಟರ್ ಜರಡಿಯಲ್ಲಿ ಮೆಲ್ಲಗೆ ಆಡಿಸಿ, ಕೆಳಗೆ ಬಿದ್ದದ್ದನ್ನು ಮತ್ತೆ ತೂಗಿ. ಹುಡಿಯ ಪಾಲು ಲೋಡಿನಿಂದ ಲೋಡಿಗೆ ಏರುತ್ತಿದ್ದರೆ ದಿನಾಂಕ ಬರೆದಿಟ್ಟು ಫೀಡ್ ಕೊಟ್ಟವರಿಗೆ ತೋರಿಸಿ. ಹಬೆ ಸಾಲದಿರುವುದು, ಅಚ್ಚು ಸವೆದಿರುವುದು, ಒತ್ತುವ ಮೊದಲೇ ಎಣ್ಣೆ ಹೆಚ್ಚು ಸೇರಿಸಿರುವುದು ಇದಕ್ಕೆ ಸಾಮಾನ್ಯ ಕಾರಣಗಳು. ಗೋಣಿಯನ್ನು ಲಾರಿಯಿಂದ ಎಸೆದು ಇಳಿಸುವುದೂ ಅಷ್ಟೇ ದೊಡ್ಡ ಕಾರಣ, ಮತ್ತು ಅದನ್ನು ತಪ್ಪಿಸುವುದು ನಮ್ಮ ಕೈಯಲ್ಲೇ ಇದೆ.

ಬಿಸಿ ಮಾಡಿದರೆ ರೋಗಾಣು ಸಾಯುತ್ತದೆ. ಹಾಗಾದರೆ ಇನ್ನೂ ಹೆಚ್ಚು ಬಿಸಿ ಮಾಡಬಹುದಲ್ಲ?

ಹಬೆ ಹಾಯಿಸುವ ಹಂತದಲ್ಲಿ ಆಹಾರವನ್ನು ಸಾಮಾನ್ಯವಾಗಿ 80ರಿಂದ 85 ಡಿಗ್ರಿ ಸೆಲ್ಸಿಯಸ್‌ಗೆ ಅರ್ಧದಿಂದ ಒಂದು ನಿಮಿಷ ಇಡುತ್ತಾರೆ. ಅಚ್ಚಿನಲ್ಲಿ ಉಜ್ಜುವಾಗ ಇನ್ನೂ ಕೆಲವು ಡಿಗ್ರಿ ಸೇರುತ್ತದೆ. ಈ ಬಿಸಿಗೆ ಸಾಲ್ಮೊನೆಲ್ಲಾದಂಥ ರೋಗಾಣು ಬಹಳಷ್ಟು ತಗ್ಗುತ್ತದೆ, ಪಿಷ್ಟದ ಒಂದು ಸಣ್ಣ ಪಾಲು ಬೆಂದು ಅಂಟಾಗಿ ಪೆಲೆಟನ್ನು ಹಿಡಿದಿಡುತ್ತದೆ. 90 ದಾಟಿದ ಮೇಲೆ ಪೆಲೆಟ್ ಇನ್ನೂ ಗಟ್ಟಿಯಾಗಬಹುದು, ಆದರೆ ಕೋಳಿಗೆ ನಷ್ಟ ಹೆಚ್ಚುತ್ತದೆ. ವಿಟಮಿನ್ ಎ, ಕೆ, ಸಿ ಕುಂದುತ್ತವೆ. ಲೈಸಿನ್ ಎಂಬ ಅಮೈನೋ ಆಮ್ಲ ಸಕ್ಕರೆಯೊಂದಿಗೆ ಅಂಟಿಕೊಂಡು ಜೀರ್ಣಕ್ಕೆ ಸಿಗದಂತಾಗುತ್ತದೆ. ನಾರಿನ ಕರಗುವ ಅಂಶ ಹೆಚ್ಚಿ ಕರುಳಿನ ರಸ ಮಂದವಾಗುತ್ತದೆ. ಎಂಜೈಮ್ ಕೂಡ ಪ್ರೋಟೀನೇ ಆದ್ದರಿಂದ ಹಬೆಯಲ್ಲಿ ಅದರ ರಚನೆ ಕೆಟ್ಟು ಸತ್ವ ಹೋಗುತ್ತದೆ.

ಇದಕ್ಕೆ ಮೂರು ದಾರಿಗಳಿವೆ: ಬಿಸಿ ತಾಳುವಂತೆ ರೂಪಿಸಿದ ಎಂಜೈಮ್, ಮೇಲೆ ಲೇಪವಿರುವ ಎಂಜೈಮ್ ಕಾಳು, ಪೆಲೆಟ್ ತಣಿದ ಮೇಲೆ ಸಿಂಪಡಿಸುವ ದ್ರವರೂಪದ ಎಂಜೈಮ್. ಮ್ಯಾಶ್ ಬೆರೆಸುವವರಿಗೆ ಮಾರುವ ಅಗ್ಗದ, ಲೇಪವಿಲ್ಲದ ಹುಡಿಯನ್ನು ಪೆಲೆಟ್ ಗಿರಣಿಗೆ ಕೊಟ್ಟರೆ ಹಣ ಹಬೆಯೊಂದಿಗೆ ಹೋದಂತೆಯೇ. ಕೊಳ್ಳುವಾಗ ಎಷ್ಟು ಡಿಗ್ರಿಯಲ್ಲಿ, ಎಷ್ಟು ಸೆಕೆಂಡಿಗೆ, ಎಷ್ಟು ಪಾಲು ಉಳಿಯುತ್ತದೆ ಎಂಬ ಮೂರನ್ನೂ ಕೇಳಬೇಕು.

ಮಳೆಗಾಲದಲ್ಲಿ ಫೀಡಿಗೆ ಬೂಸ್ಟು ಬರುತ್ತದೆ. ಪೆಲೆಟ್ ಮಾಡುವ ಬಿಸಿಗೆ ಅದರ ವಿಷ ಹೋಗುವುದಿಲ್ಲವೇ?

ಹೋಗುವುದಿಲ್ಲ. ಬೂಸ್ಟು ಸಾಯಬಹುದು, ಅದು ಬಿಟ್ಟುಹೋದ ಅಫ್ಲಾಟಾಕ್ಸಿನ್ ಆ ಬಿಸಿಗೆ ಜಗ್ಗುವುದಿಲ್ಲ. ಅದು ಯಕೃತ್ತನ್ನು ಕೆಡಿಸಿ, ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುತ್ತದೆ. ಲಸಿಕೆ ಹಾಕಿದ ಹಿಂಡಿಗೂ ರೋಗ ಬರುವುದಕ್ಕೆ ಇದೂ ಒಂದು ಕಾರಣ. ಭಾರತೀಯ ಮಾನಕ ಬ್ಯೂರೋದ ಕೋಳಿ ಆಹಾರದ ಮಾನದಂಡದಲ್ಲಿ ಅಫ್ಲಾಟಾಕ್ಸಿನ್ ಬಿ1ಕ್ಕೆ ಮೇಲ್ಮಿತಿ ನೂರು ಕೋಟಿಯಲ್ಲಿ 20 ಭಾಗ, ಅಂದರೆ 20 ಪಿಪಿಬಿ.

ನಮಗೆ ಮೆಕ್ಕೆಜೋಳ ಬರುವುದು ಘಟ್ಟದ ಮೇಲಿನ ದಾವಣಗೆರೆ, ಹಾವೇರಿ ಕಡೆಯಿಂದ. ಅಲ್ಲಿ 12–13 ಶೇಕಡಾ ತೇವದಲ್ಲಿ ತುಂಬಿದ ಜೋಳವೂ ಜೂನ್–ಜುಲೈಯ ನಮ್ಮ ಗಾಳಿಯಲ್ಲಿ ತೇವ ಹೀರಿ 14 ದಾಟುತ್ತದೆ. ಪೆಲೆಟ್‌ನ ಕಥೆಯೂ ಹೀಗೆಯೇ: ಬಿಸಿ ಪೆಲೆಟನ್ನು ಒಣಗಿಸುವ ಗಾಳಿಯೇ ಹಸಿಯಾಗಿರುವಾಗ ತೇವ ಪೂರ್ತಿ ಹೋಗುವುದಿಲ್ಲ, ಬೆಚ್ಚಗಿರುವಾಗಲೇ ಗೋಣಿ ಹೊಲಿದರೆ ಒಳಗೆ ಬೆವರುತ್ತದೆ. ಮರದ ಹಲಗೆಯ ಮೇಲೆ, ಗೋಡೆಯಿಂದ ಒಂದು ಅಡಿ ದೂರದಲ್ಲಿ ಗೋಣಿ ಜೋಡಿಸಿ, ಮಳೆಗಾಲದಲ್ಲಿ ವಾರಕ್ಕೆ ಬೇಕಾದಷ್ಟನ್ನೇ ತರಿಸುವುದು ಉತ್ತಮ. ನಂಜು ಹಿಡಿದಿಡುವ ಬೈಂಡರ್ ಒಂದು ಮಟ್ಟಿಗೆ ನೆರವಾಗುತ್ತದೆ. ಬೂಸ್ಟು ಕಂಡ ಫೀಡನ್ನು ಬಳಸಲು ಅದು ಪರವಾನಗಿಯಲ್ಲ.

## ಯಾವ ಎಂಜೈಮ್ ಯಾವ ಕೆಲಸಕ್ಕೆ

ಎಲ್ಲರೂ ಫೈಟೇಸ್ ಫೈಟೇಸ್ ಎನ್ನುತ್ತಾರೆ. ಅದು ನಿಜವಾಗಿ ಮಾಡುವುದೇನು?

ಕಾಳುಗಳಲ್ಲಿರುವ ರಂಜಕದ ಸುಮಾರು ಮೂರರಲ್ಲಿ ಎರಡು ಭಾಗ ಫೈಟೇಟ್ ಎಂಬ ರೂಪದಲ್ಲಿ ಕಟ್ಟಿಕೊಂಡಿರುತ್ತದೆ. ಮೆಕ್ಕೆಜೋಳದಲ್ಲಿ ಒಟ್ಟು ರಂಜಕ ಸುಮಾರು 0.28 ಶೇಕಡಾ, ಅದರಲ್ಲಿ ಫೈಟೇಟ್ ಅಲ್ಲದ ಪಾಲು 0.08 ಮಾತ್ರ. ಉಳಿದದ್ದರಲ್ಲಿ ಬಹುಪಾಲು ಕೋಳಿಯ ಹೊಟ್ಟೆ ದಾಟಿ ಹಿಕ್ಕೆಯಲ್ಲಿ ಬೀಳುತ್ತದೆ, ನಾವು ಎಲುಬಿಗೆಂದು ಮತ್ತೆ ಹಣ ಕೊಟ್ಟು ಡಿಸಿಪಿ (ಡೈಕ್ಯಾಲ್ಸಿಯಂ ಫಾಸ್ಫೇಟ್) ಹಾಕುತ್ತೇವೆ. ಫೈಟೇಟ್ ರಂಜಕವನ್ನು ಮಾತ್ರವಲ್ಲ, ಕ್ಯಾಲ್ಸಿಯಂ, ಸತು, ಕಬ್ಬಿಣವನ್ನೂ ಹಿಡಿಯುತ್ತದೆ, ಹೊಟ್ಟೆಯ ಆಮ್ಲದಲ್ಲಿ ಪ್ರೋಟೀನಿಗೂ ಅಂಟಿಕೊಳ್ಳುತ್ತದೆ.

ಫೈಟೇಸ್ ಅನ್ನಚೀಲ ಮತ್ತು ಗಿಜರ್ಡಿನ ಆಮ್ಲದ ವಾತಾವರಣದಲ್ಲಿ ಈ ಫೈಟೇಟಿನ ರಂಜಕವನ್ನು ಒಂದೊಂದಾಗಿ ಬಿಡಿಸುತ್ತದೆ. 1991ರಲ್ಲಿ ಮೊದಲು ಮಾರುಕಟ್ಟೆಗೆ ಬಂದದ್ದು ಆಸ್ಪರ್ಜಿಲಸ್ ಶಿಲೀಂಧ್ರದಿಂದ ಪಡೆದ ಫೈಟೇಸ್. ಈಗ ಹೆಚ್ಚಾಗಿ ಇ. ಕೋಲಿಯಂಥ ಬ್ಯಾಕ್ಟೀರಿಯಾದಿಂದ ಬಂದವು ಬಳಕೆಯಲ್ಲಿವೆ. ಅದರ ಬಲವನ್ನು ಎಫ್‌ಟಿಯು ಎಂಬ ಮಾನದಲ್ಲಿ ಅಳೆಯುತ್ತಾರೆ. ಕಿಲೋ ಆಹಾರಕ್ಕೆ 500 ಎಫ್‌ಟಿಯು ಬಹುಕಾಲದಿಂದ ರೂಢಿಯಲ್ಲಿರುವ ಪ್ರಮಾಣ.

ಹಣದ ಲೆಕ್ಕ ಹೀಗೆ. ಈ ಪ್ರಮಾಣದ ಫೈಟೇಸ್ 0.1 ಶೇಕಡಾ ರಂಜಕವನ್ನು ಬಿಡಿಸಿಕೊಡುತ್ತದೆ ಎಂದಿಟ್ಟುಕೊಂಡರೆ ಟನ್ನಿಗೆ ಒಂದು ಕಿಲೋ ರಂಜಕ. 18 ಶೇಕಡಾ ರಂಜಕವಿರುವ ಡಿಸಿಪಿಯಲ್ಲಿ ಅದಕ್ಕೆ ಸುಮಾರು ಐದೂವರೆ ಕಿಲೋ ಬೇಕು. ಅಷ್ಟು ಡಿಸಿಪಿಯನ್ನು ತೆಗೆದು ಅದರೊಂದಿಗೆ ಹೋದ ಕ್ಯಾಲ್ಸಿಯಂ ಲೆಕ್ಕವನ್ನು ಸರಿಮಾಡಿದರೆ ಫೈಟೇಸ್‌ನ ಬೆಲೆ ಹುಟ್ಟುತ್ತದೆ. ಡಿಸಿಪಿಯನ್ನು ಹಾಗೆಯೇ ಬಿಟ್ಟು ಫೈಟೇಸ್ ಸೇರಿಸಿದವರು ಎರಡಕ್ಕೂ ಹಣ ಕೊಟ್ಟಿರುತ್ತಾರೆ. ಹಿಕ್ಕೆಯ ರಂಜಕ ಕಡಿಮೆಯಾಗುವುದು ಇನ್ನೊಂದು ಲಾಭ. ಕೋಳಿಗೊಬ್ಬರ ಅಡಕೆ ತೋಟಕ್ಕೆ ಹೋಗಿ, ಮಳೆಯಲ್ಲಿ ತೊಳೆದು ತೋಡು ಸೇರುವ ನಮ್ಮ ಊರುಗಳಲ್ಲಿ ಅದು ಸಣ್ಣದಲ್ಲ.

ಚಿಪ್ಪಿನ ಹುಡಿ ಇಲ್ಲಿ ಧಾರಾಳ ಸಿಗುತ್ತದೆ. ಎಲುಬು ಗಟ್ಟಿಯಾಗಲು ಸ್ವಲ್ಪ ಹೆಚ್ಚು ಹಾಕಿದರೆ ತಪ್ಪೇ?

ಬ್ರಾಯ್ಲರಿಗೆ ತಪ್ಪು. ಚಿಪ್ಪಿನಲ್ಲಿ 38 ಶೇಕಡಾದಷ್ಟು ಕ್ಯಾಲ್ಸಿಯಂ ಇದೆ. ಮೊಟ್ಟೆ ಇಡುವ ಕೋಳಿಗೆ ಅದು ಬೇಕು. ಬೆಳೆಯುವ ಬ್ರಾಯ್ಲರಿಗೆ ಬೇಕಾದದ್ದು ಒಂದು ಶೇಕಡಾದ ಆಸುಪಾಸು. ಅದಕ್ಕಿಂತ ಹೆಚ್ಚಾದ ಕ್ಯಾಲ್ಸಿಯಂ ಗಿಜರ್ಡಿನ ಆಮ್ಲವನ್ನು ಕುಗ್ಗಿಸುತ್ತದೆ, ಫೈಟೇಟಿಗೆ ಅಂಟಿಕೊಂಡು ಫೈಟೇಸ್ ಮುಟ್ಟದಂತೆ ಮಾಡುತ್ತದೆ. ರಂಜಕ ಸಿಗದೆ ಕೊನೆಗೆ ಕಾಲೇ ದುರ್ಬಲವಾಗುತ್ತದೆ. ಸುಟ್ಟ ಸುಣ್ಣವನ್ನಂತೂ ಆಹಾರಕ್ಕೆ ಹಾಕಲೇಬಾರದು.

ನಮ್ಮದು ಜೋಳ–ಸೋಯಾ ಫೀಡ್. ಕ್ಸೈಲನೇಸ್ ಹಾಕಿದರೆ ಪ್ರಯೋಜನವಿದೆಯೇ?

ಗೋಧಿ, ಬಾರ್ಲಿ ಹೆಚ್ಚು ಬಳಸುವ ದೇಶಗಳಲ್ಲಿ ಕ್ಸೈಲಾನ್ ಒಡೆಯುವ ಕ್ಸೈಲನೇಸ್ ಮತ್ತು ಗ್ಲೂಕಾನ್ ಒಡೆಯುವ ಗ್ಲೂಕನೇಸ್‌ನ ಗುಣ ಎದ್ದು ಕಾಣುತ್ತದೆ. ಆ ಕಾಳುಗಳ ಕರಗುವ ನಾರು ಕರುಳಿನಲ್ಲಿ ಆರಿದ ಗಂಜಿಯಂತೆ ಮಂದವಾಗಿ, ಕಿಣ್ವವನ್ನೂ ಪೋಷಕಾಂಶವನ್ನೂ ಒಂದಕ್ಕೊಂದು ಸೇರಗೊಡುವುದಿಲ್ಲ. ಅದನ್ನು ತುಂಡರಿಸಿದರೆ ರಸ ತೆಳುವಾಗಿ ಕೊಬ್ಬು ಮತ್ತು ಶಕ್ತಿ ಚೆನ್ನಾಗಿ ಹೀರಲ್ಪಡುತ್ತವೆ, ಹಿಕ್ಕೆ ಗಟ್ಟಿಯಾಗುತ್ತದೆ.

ಮೆಕ್ಕೆಜೋಳದಲ್ಲಿ ಅಂಥ ಕರಗುವ ನಾರು ಬಹಳ ಕಡಿಮೆ. ಇಲ್ಲಿ ಕ್ಸೈಲನೇಸ್ ಮಾಡುವುದು ಕೋಶದ ಗೋಡೆ ಬಿರಿಸಿ ಒಳಗಿನ ಪಿಷ್ಟ, ಪ್ರೋಟೀನನ್ನು ಹೊರಗೆ ತರುವ ಕೆಲಸ, ಅದರ ಲಾಭ ಚಿಕ್ಕದು ಮತ್ತು ಜೋಳದ ಗುಣದ ಮೇಲೆ ಹೆಚ್ಚು ಕಡಿಮೆಯಾಗುತ್ತದೆ. ಚೆನ್ನಾಗಿ ಜೀರ್ಣವಾಗುವ ಒಳ್ಳೆಯ ಜೋಳದಲ್ಲಿ ಎಂಜೈಮಿಗೆ ಉಳಿಯುವ ಕೆಲಸವೇ ಕಡಿಮೆ. ಬಜೆಟ್ ಒಂದೇ ಎಂಜೈಮಿಗೆ ಇದ್ದರೆ ನಾನು ಫೈಟೇಸ್‌ಗೇ ಮೊದಲ ಸ್ಥಾನ ಕೊಡುತ್ತೇನೆ.

ಪ್ರೋಟಿಯೇಸ್ ಹಾಕಿದರೆ ಸೋಯಾ ಹಿಂಡಿ ಕಡಿಮೆ ಮಾಡಬಹುದೇ?

ಪ್ರೋಟಿಯೇಸ್ ಅಂದರೆ ಪ್ರೋಟೀನನ್ನು ಒಡೆಯುವ ಎಂಜೈಮ್. ಸ್ವಲ್ಪ ಮಾಡಬಹುದು, ಆದರೆ ಅದಕ್ಕೆ ಮೊದಲು ನಿಮ್ಮ ಸೋಯಾ ಹಿಂಡಿ ಹೇಗೆ ಬೆಂದಿದೆ ಎಂದು ನೋಡಬೇಕು. ಹಸಿ ಸೋಯಾದಲ್ಲಿ ಟ್ರಿಪ್ಸಿನ್ ತಡೆಯುವ ಅಂಶವಿದ್ದು ಅದು ಪ್ರೋಟೀನು ಜೀರ್ಣವಾಗಲು ಬಿಡುವುದಿಲ್ಲ, ಮೇದೋಜೀರಕ ಗ್ರಂಥಿ ಊದಿಕೊಳ್ಳುತ್ತದೆ. ಬೇಯಿಸಿದರೆ ಆ ಅಂಶ ನಾಶವಾಗುತ್ತದೆ, ಹೆಚ್ಚು ಬೇಯಿಸಿದರೆ ಲೈಸಿನ್ ಹಾಳಾಗುತ್ತದೆ. ಎರಡನ್ನೂ ಪ್ರಯೋಗಾಲಯದಲ್ಲಿ ನೋಡಬಹುದು: ಯೂರಿಯೇಸ್ ಪರೀಕ್ಷೆಯಲ್ಲಿ ಪಿಎಚ್ ಏರಿಕೆ 0.05ರಿಂದ 0.20ರ ಒಳಗಿದ್ದು, ಪೊಟ್ಯಾಸಿಯಂ ಹೈಡ್ರಾಕ್ಸೈಡಿನಲ್ಲಿ ಕರಗುವ ಪ್ರೋಟೀನು ಸುಮಾರು 78ರಿಂದ 85 ಶೇಕಡಾ ಇದ್ದರೆ ಹದ ಸರಿಯಿದೆ. ಅರೆಬೆಂದ ಹಿಂಡಿಯಲ್ಲಿ ಪ್ರೋಟಿಯೇಸ್ ತುಸು ನೆರವಾದೀತು. ಸೀದುಹೋದ ಹಿಂಡಿಯ ಲೈಸಿನನ್ನು ಯಾವ ಎಂಜೈಮೂ ಮರಳಿ ತರಲಾರದು.

## ಕರಾವಳಿಯ ಕಚ್ಚಾವಸ್ತುಗಳು

ಹತ್ತಿರದ ಅಕ್ಕಿ ಗಿರಣಿಯಿಂದ ನುಚ್ಚು, ತೌಡು ಅಗ್ಗಕ್ಕೆ ಸಿಗುತ್ತದೆ. ಎಷ್ಟು ಬಳಸಬಹುದು?

ನುಚ್ಚು ಮತ್ತು ತೌಡನ್ನು ಒಂದೇ ತಕ್ಕಡಿಯಲ್ಲಿ ಇಡಬೇಡಿ. ನುಚ್ಚಿನಲ್ಲಿ ನಾರು ಬಹಳ ಕಡಿಮೆ, ಪಿಷ್ಟ ಸುಲಭವಾಗಿ ಜೀರ್ಣವಾಗುತ್ತದೆ, ಶಕ್ತಿಯಲ್ಲಿ ಅದು ಜೋಳದ ಹತ್ತಿರವೇ ನಿಲ್ಲುತ್ತದೆ. ಬೆಲೆ ಸರಿಹೊಂದಿದಾಗ ಜೋಳದ ಸಾಕಷ್ಟು ಭಾಗವನ್ನು ನುಚ್ಚಿನಿಂದ ತುಂಬಬಹುದು. ಜೋಳದ ಹಳದಿ ಬಣ್ಣ ಇಲ್ಲದಿರುವುದರಿಂದ ಕೋಳಿಯ ಚರ್ಮ ಬಿಳಿಚುತ್ತದೆ, ಅಷ್ಟೇ. ನಾರನ್ನು ಒಡೆಯುವ ಎಂಜೈಮಿಗೆ ಇದರಲ್ಲಿ ಕೆಲಸವೇ ಇಲ್ಲ.

ತೌಡಿನ ಸ್ವಭಾವ ಬೇರೆ. ಅದರಲ್ಲಿ ಒಟ್ಟು ರಂಜಕ ಸುಮಾರು 1.5 ಶೇಕಡಾ ಇದ್ದರೂ ಫೈಟೇಟ್ ಅಲ್ಲದ ಪಾಲು 0.2ರ ಆಸುಪಾಸು ಮಾತ್ರ. ಹಾಗಾಗಿ ತೌಡು ಬಳಸುವವರಿಗೆ ಫೈಟೇಸ್ ಬಿಟ್ಟರೆ ಗತಿಯಿಲ್ಲ. ಎರಡನೆಯ ತೊಡಕು ಎಣ್ಣೆಯದು. ಅಕ್ಕಿ ಮಾಡಿದ ಕ್ಷಣದಿಂದಲೇ ತೌಡಿನಲ್ಲೇ ಇರುವ ಲೈಪೇಸ್ ಎಂಬ ಕಿಣ್ವ ಎಣ್ಣೆಯನ್ನು ಒಡೆಯಲಾರಂಭಿಸಿ ಕೆಲವೇ ದಿನಗಳಲ್ಲಿ ಕಮಟು ಬರುತ್ತದೆ. ಈ ವಿಷಯದಲ್ಲಿ ನಮ್ಮ ಕರಾವಳಿಗೆ ಒಂದು ಅನುಕೂಲವಿದೆ: ಕುಚ್ಚಲಕ್ಕಿಗೆಂದು ಭತ್ತ ಬೇಯಿಸುವಾಗಲೇ ಆ ಲೈಪೇಸ್ ಸಾಯುವುದರಿಂದ ಕುಚ್ಚಲು ತೌಡು ಬೆಳ್ತಿಗೆ ತೌಡಿಗಿಂತ ಹೆಚ್ಚು ದಿನ ತಾಳುತ್ತದೆ, ಎಣ್ಣೆಯ ಅಂಶವೂ ಅದರಲ್ಲಿ ಹೆಚ್ಚು. ಆದರೂ ಗಾಳಿಗೆ ಎಣ್ಣೆ ಕೆಡುವುದು ಪೂರ್ತಿ ತಪ್ಪುವುದಿಲ್ಲ.

ಮೂರನೆಯದು ಕಲಬೆರಕೆ. ಹಳೆಯ ಹಲ್ಲರ್ ಗಿರಣಿಯಲ್ಲಿ ಉಮಿ ಮತ್ತು ತೌಡು ಒಟ್ಟಿಗೇ ಬರುತ್ತವೆ. ಒಂದು ಹಿಡಿ ತೌಡನ್ನು ಅಂಗೈಯಲ್ಲಿ ಬಿಗಿಯಾಗಿ ಹಿಚುಕಿ ಬಿಡಿ; ಒಳ್ಳೆಯ ತೌಡು ಎಣ್ಣೆಯ ಪಸೆಗೆ ಉಂಡೆಯಾಗಿ ನಿಲ್ಲುತ್ತದೆ, ಬೆರಳಿಗೆ ನುಣುಪು ಹತ್ತುತ್ತದೆ. ಉಮಿ ಬೆರೆತದ್ದು ಕೈ ಬಿಟ್ಟೊಡನೆ ಚದುರುತ್ತದೆ, ಚರ್ಮಕ್ಕೆ ಚುಚ್ಚುತ್ತದೆ. ಮರಿಗಳ ಆಹಾರದಲ್ಲಿ ತೌಡು ಬೇಡ. ಕೊನೆಯ ಹಂತದಲ್ಲಿ 5 ಶೇಕಡಾದಿಂದ ಆರಂಭಿಸಿ, 10 ದಾಟದಿರುವುದು ಕ್ಷೇಮ.

ಎಣ್ಣೆ ಗಾಣದ ತೆಂಗಿನ ಹಿಂಡಿ ದನಕ್ಕೆ ಕೊಡುತ್ತೇವೆ. ಕೋಳಿಗೂ ಕೊಡಬಹುದೇ?

ಮಿತವಾಗಿ ಕೊಡಬಹುದು, ಮತ್ತು ಎಂಜೈಮಿನ ಆಯ್ಕೆ ಕಚ್ಚಾವಸ್ತುವನ್ನು ನೋಡಿ ಆಗಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. ತೆಂಗಿನ ಹಿಂಡಿಯಲ್ಲಿ ಪ್ರೋಟೀನು 20 ಶೇಕಡಾದ ಆಸುಪಾಸು ಇದ್ದರೂ ಲೈಸಿನ್ ತೀರ ಕಡಿಮೆ. ಅದರ ನಾರಿನ ಹೆಚ್ಚಿನ ಪಾಲು ಮ್ಯಾನನ್. ಅದನ್ನು ಒಡೆಯುವುದು ಮ್ಯಾನನೇಸ್. ಕ್ಸೈಲನೇಸ್ ಎಷ್ಟು ಸುರಿದರೂ ಮ್ಯಾನನ್ ಅಲುಗುವುದಿಲ್ಲ. ಹಿಂಡಿ ನೀರು ಹೀರಿ ಉಬ್ಬುವುದರಿಂದ ಕೋಳಿಗೆ ಬೇಗ ಹೊಟ್ಟೆ ತುಂಬಿ ತಿನ್ನುವುದು ಇಳಿಯುತ್ತದೆ; ಪೆಲೆಟ್ ಮಾಡಿದರೆ ಈ ಉಬ್ಬುವಿಕೆಯ ತೊಂದರೆ ಕಡಿಮೆ. ಗಾಣದ ಹಿಂಡಿಯಲ್ಲಿ ಎಣ್ಣೆ ಉಳಿದಿರುವುದರಿಂದ ಶಕ್ತಿ ಸಿಗುತ್ತದೆ, ಆದರೆ ಬೇಗ ಕಮಟುತ್ತದೆ. ಸರಿಯಾಗಿ ಒಣಗದ ಕೊಬ್ಬರಿಯ ಹಿಂಡಿಯಲ್ಲಿ ಅಫ್ಲಾಟಾಕ್ಸಿನ್ ಭಯವೂ ಇದೆ. ಮೂರು ವಾರ ದಾಟಿದ ಕೋಳಿಗೆ 5 ಶೇಕಡಾದೊಳಗೆ, ಲೈಸಿನ್ ಸರಿದೂಗಿಸಿ, ಮ್ಯಾನನೇಸ್ ಸೇರಿಸಿ ಕೊಡಿ.

ಸೋಯಾದಲ್ಲೂ ಸ್ವಲ್ಪ ಮ್ಯಾನನ್ ಇರುವುದರಿಂದ ತೆಂಗಿನ ಹಿಂಡಿ ಇಲ್ಲದ ಫೀಡಿಗೂ ಮ್ಯಾನನೇಸ್ ಬಳಸುವವರಿದ್ದಾರೆ.

ಮಲ್ಪೆಯ ಒಣಮೀನಿನ ಹುಡಿ ಹಾಕಿದರೆ ಸೋಯಾ ಬೇಡವಲ್ಲ?

ಒಳ್ಳೆಯ ಮೀನಿನ ಹುಡಿಯಲ್ಲಿ ಪ್ರೋಟೀನು 60 ಶೇಕಡಾ ದಾಟುತ್ತದೆ, ಲೈಸಿನ್, ಮೆಥಿಯೋನಿನ್ ಎಂಬ ಅಮೈನೋ ಆಮ್ಲಗಳು ಸಮೃದ್ಧ, ಎಲುಬಿನಿಂದ ಬಂದ ರಂಜಕದಲ್ಲಿ ಫೈಟೇಟ್ ಇಲ್ಲ. ಮಲ್ಪೆ, ಉಳ್ಳಾಲದ ಕಡೆ ಫಿಶ್‌ಮೀಲ್ ಘಟಕಗಳಿದ್ದರೂ ಒಳ್ಳೆಯ ಮಾಲು ಸಿಗಡಿ ಆಹಾರಕ್ಕೂ ರಫ್ತಿಗೂ ಹೋಗಿ, ಕೋಳಿಗೆ ಬರುವುದು ಉಪ್ಪು, ಮರಳು ಬೆರೆತ ಒಣಮೀನು. ಉಪ್ಪು ಹೆಚ್ಚಾದರೆ ಕೋಳಿ ನೀರು ಕುಡಿದು ಹಿಕ್ಕೆ ನೀರಾಗುತ್ತದೆ. ಒಣಗಿಸುವಾಗ ಅತಿಯಾಗಿ ಕಾಯಿಸಿದ ಮೀನಿನಲ್ಲಿ ಗಿಜೆರೋಸಿನ್ ಎಂಬ ವಸ್ತು ಹುಟ್ಟಿ ಗಿಜರ್ಡಿನ ಒಳಪೊರೆಯನ್ನು ಕೊರೆಯುತ್ತದೆ. 5 ಶೇಕಡಾದೊಳಗೆ ಬಳಸಿ, ಮಾಂಸಕ್ಕೆ ಮೀನಿನ ವಾಸನೆ ಬಾರದಂತೆ ಕೊನೆಯ ವಾರಗಳಲ್ಲಿ ನಿಲ್ಲಿಸಿ.

## ಲೆಕ್ಕ, ಬಳಕೆ, ಪರೀಕ್ಷೆ

ಶೆಡ್ಡಿನ ಹಾಸು ಒದ್ದೆಯಾಗಿದೆ. ಎಂಜೈಮ್ ಹಾಕಿದರೆ ಒಣಗುತ್ತದೆಯೇ?

ಕರುಳಿನ ರಸ ಮಂದವಾದ ಕಾರಣಕ್ಕೆ ಹಿಕ್ಕೆ ಅಂಟಾಗಿದ್ದರೆ ಒಣಗುತ್ತದೆ. ಆದರೆ ಆಷಾಢದಲ್ಲಿ ನಮ್ಮ ಶೆಡ್ಡುಗಳ ಹಾಸು ಒದ್ದೆಯಾಗುವುದಕ್ಕೆ ನೀರು ಕುಡಿಸುವ ಸಾಲಿನ ಸೋರುವ ನಿಪ್ಪಲ್, ಗಾಳಿಗೆ ಒಳಗೆ ಬರುವ ಇರಿಚಲು, ಆಹಾರದಲ್ಲಿ ಹೆಚ್ಚಾದ ಉಪ್ಪು ಅಥವಾ ಪ್ರೋಟೀನು, ಕಾಕ್ಸಿಡಿಯಾ ರೋಗ ಮುಂತಾದ ಬೇರೆ ಕಾರಣಗಳೇ ಹೆಚ್ಚು. ಹಾಸಿನ ಉಮಿಯನ್ನು ನೀರಿನ ಸಾಲಿನ ಕೆಳಗೆ ಒಮ್ಮೆ, ಶೆಡ್ಡಿನ ನಡುವೆ ಒಮ್ಮೆ ಮುಷ್ಟಿಯಲ್ಲಿ ಹಿಂಡಿ ನೋಡಿ. ನೀರಿನ ಸಾಲಿನ ಕೆಳಗೆ ಮಾತ್ರ ಒದ್ದೆಯಿದ್ದರೆ ತಪ್ಪು ಆಹಾರದ್ದಲ್ಲ.

ಕಂಪೆನಿಯ ಫೀಡಿನ ಮೇಲೆ ನಾವೇ ಇನ್ನಷ್ಟು ಎಂಜೈಮ್ ಬೆರೆಸಿದರೆ ಬೆಳವಣಿಗೆ ಹೆಚ್ಚುತ್ತದೆಯೇ?

ಹಣ ಹಾಳು. ಈಗಿನ ತಯಾರಿ ಫೀಡುಗಳಲ್ಲಿ ಫೈಟೇಸ್ ಸಾಮಾನ್ಯವಾಗಿ ಇದ್ದೇ ಇರುತ್ತದೆ, ಅದರ ಲೆಕ್ಕ ಹಿಡಿದೇ ಉಳಿದ ವಸ್ತುಗಳನ್ನು ಹೊಂದಿಸಿರುತ್ತಾರೆ. ಪೆಲೆಟ್‌ನ ಮೇಲೆ ಉದುರಿಸಿದ ಹುಡಿ ತಟ್ಟೆಯ ತಳ ಸೇರುತ್ತದೆಯೇ ಹೊರತು ಎಲ್ಲ ಕೋಳಿಗಳಿಗೂ ಸಮನಾಗಿ ಸಿಗುವುದಿಲ್ಲ.

ಸ್ವಂತ ಮ್ಯಾಶ್ ತಯಾರಿಸುವವರು ಟನ್ನಿಗೆ ನೂರಾರು ಗ್ರಾಂ ಮಾತ್ರ ಬೀಳುವ ಎಂಜೈಮನ್ನು ನೇರವಾಗಿ ಮಿಕ್ಸರಿಗೆ ಸುರಿಯದೆ, ಮೊದಲು ಕೆಲವು ಕಿಲೋ ಜೋಳದ ಹುಡಿಯಲ್ಲಿ ಬೆರೆಸಿ ಆಮೇಲೆ ಹಾಕಬೇಕು. ಬಿಚ್ಚಿದ ಚೀಲವನ್ನು ಬಿಗಿಯಾಗಿ ಕಟ್ಟಿ ತಂಪಾದ, ಒಣ ಜಾಗದಲ್ಲಿ ಇಡಬೇಕು. ನಮ್ಮ ತೇವದ ಗಾಳಿಗೆ ತೆರೆದಿಟ್ಟ ಎಂಜೈಮ್ ಗಂಟುಗಟ್ಟುತ್ತದೆ, ಸತ್ವವೂ ಕುಂದುತ್ತದೆ. ಆಹಾರದ ಸೂತ್ರವನ್ನು ತಿಳಿದವರಿಗೆ ತೋರಿಸಿಕೊಳ್ಳಬೇಕೆನ್ನುವವರು ಮಂಗಳೂರಿನ ಕಂಕನಾಡಿಯಲ್ಲೂ ಬ್ರಹ್ಮಾವರದಲ್ಲೂ ಇರುವ ಕೃಷಿ ವಿಜ್ಞಾನ ಕೇಂದ್ರಗಳಲ್ಲಿ ವಿಚಾರಿಸಬಹುದು.

ಎಂಜೈಮ್ ಮಾರುವವರು ಕೊಡುವ ಮ್ಯಾಟ್ರಿಕ್ಸ್ ಪಟ್ಟಿಯನ್ನು ಎಷ್ಟು ನಂಬಬಹುದು?

ಒಂದು ಎಂಜೈಮ್ ಎಷ್ಟು ಶಕ್ತಿ, ರಂಜಕ, ಅಮೈನೋ ಆಮ್ಲ ಬಿಡಿಸಿಕೊಡುತ್ತದೆ ಎಂದು ಅಂಕಿಯಲ್ಲಿ ಹೇಳುವ ಪಟ್ಟಿಯೇ ಮ್ಯಾಟ್ರಿಕ್ಸ್; ಅದನ್ನು ಹಿಡಿದು ದುಬಾರಿ ವಸ್ತುಗಳನ್ನು ಇಳಿಸುತ್ತಾರೆ. ರಂಜಕ, ಕ್ಯಾಲ್ಸಿಯಂ ಅಂಕಿಗಳ ಹಿಂದೆ ಬಹಳ ವರ್ಷಗಳ ಪ್ರಯೋಗಗಳಿರುವುದರಿಂದ ಅವುಗಳ ಮೇಲೆ ಭಾರ ಹಾಕಬಹುದು. ಶಕ್ತಿ ಮತ್ತು ಅಮೈನೋ ಆಮ್ಲಗಳ ಅಂಕಿಗಳು ಆಹಾರದಿಂದ ಆಹಾರಕ್ಕೆ ಬಹಳ ಬದಲಾಗುತ್ತವೆ. ಅಲ್ಲಿ ಹೇಳಿದ್ದರಲ್ಲಿ ಅರ್ಧದಷ್ಟನ್ನೇ ಲೆಕ್ಕಕ್ಕೆ ಹಿಡಿಯುವುದು ನನ್ನ ರೂಢಿ. ಎರಡು–ಮೂರು ಎಂಜೈಮ್‌ಗಳ ಅಂಕಿಗಳನ್ನು ಸುಮ್ಮನೆ ಕೂಡಿಸಬಾರದು. ಜೀರ್ಣವಾಗದೆ ಉಳಿದ ಒಂದೇ ಪಾಲಿನ ಮೇಲೆ ಮೂರೂ ಕೆಲಸ ಮಾಡುತ್ತವೆ. ಒಂದು ಬಿಡಿಸಿದ್ದನ್ನು ಇನ್ನೊಂದು ಮತ್ತೆ ಬಿಡಿಸಲಾರದು.

ಫೈಟೇಸ್ ಮೂರು ಪಟ್ಟು ಹಾಕಿದರೆ ಲಾಭವೂ ಮೂರು ಪಟ್ಟಾಗುತ್ತದೆಯೇ?

ಆಗುವುದಿಲ್ಲ. ಪ್ರಮಾಣ ಏರಿದಂತೆ ಪ್ರತಿ ಹೆಚ್ಚಳಕ್ಕೂ ಬಿಡುಗಡೆಯಾಗುವ ರಂಜಕ ಕಡಿಮೆಯಾಗುತ್ತಾ ಹೋಗುತ್ತದೆ. ಆದರೂ ಕಿಲೋವಿಗೆ 1,500 ಎಫ್‌ಟಿಯು ಅಥವಾ ಅದಕ್ಕೂ ಹೆಚ್ಚು ಕೊಡುವ ಸೂಪರ್‌ಡೋಸಿಂಗ್ ಈಗ ಬಳಕೆಯಲ್ಲಿದೆ. ಅದರ ಗುರಿ ರಂಜಕ ಉಳಿಸುವುದಲ್ಲ. ಫೈಟೇಟನ್ನು ಆದಷ್ಟು ಬೇಗ, ಗಿಜರ್ಡಿನಲ್ಲೇ ಮುಗಿಸಿ, ಅದು ಪ್ರೋಟೀನು, ಖನಿಜಗಳಿಗೆ ಕೊಡುವ ಅಡ್ಡಿಯನ್ನು ತೆಗೆಯುವುದು. ತೌಡು, ಎಣ್ಣೆಕಾಳಿನ ಹಿಂಡಿ ಹೆಚ್ಚಿರುವ, ಫೈಟೇಟ್ ತುಂಬಿದ ಆಹಾರದಲ್ಲಿ ಅದಕ್ಕೆ ಅರ್ಥವಿದೆ. ನುಚ್ಚು ಹೆಚ್ಚಿರುವ ಆಹಾರದಲ್ಲಿ ಅಷ್ಟಿಲ್ಲ.

ಎಂಜೈಮ್ ಕೆಲಸ ಮಾಡುತ್ತಿದೆಯೇ ಎಂದು ನಮ್ಮ ಶೆಡ್ಡಿನಲ್ಲೇ ತಿಳಿಯುವುದು ಹೇಗೆ?

ಹಿಂದಿನ ಬ್ಯಾಚನ್ನು ಈಗಿನ ಬ್ಯಾಚಿಗೆ ಹೋಲಿಸಬೇಡಿ. ಹವೆ, ಮರಿ, ಜೋಳ ಎಲ್ಲವೂ ಬದಲಾಗಿರುತ್ತವೆ. ಒಂದೇ ದಿನ ಬಂದ ಮರಿಗಳನ್ನು ತೂಗಿ, ಶೆಡ್ಡಿನ ಒಳಗೆ ಬಲೆ ಕಟ್ಟಿ ಸಣ್ಣ ಸಣ್ಣ ಕೋಣೆಗಳಾಗಿ ಹಂಚಿ. ಆಹಾರ ಮೂರು ಬಗೆ ಇರಲಿ: ಪೂರ್ತಿ ಪೋಷಕಾಂಶವಿರುವುದು, ಮ್ಯಾಟ್ರಿಕ್ಸ್ ಲೆಕ್ಕದಷ್ಟು ಇಳಿಸಿದ್ದು, ಇಳಿಸಿ ಎಂಜೈಮ್ ಸೇರಿಸಿದ್ದು. ಪ್ರತಿ ಬಗೆಗೂ ನಾಲ್ಕೈದು ಕೋಣೆಗಳು ಶೆಡ್ಡಿನ ಬೇರೆ ಬೇರೆ ಕಡೆ ಇರಬೇಕು, ಇಲ್ಲದಿದ್ದರೆ ಗಾಳಿ ಬರುವ ಮೂಲೆಯ ಲಾಭ ಎಂಜೈಮಿನ ಹೆಸರಿಗೆ ಸೇರುತ್ತದೆ. ಕೊಟ್ಟ ಆಹಾರ, ಉಳಿದ ಆಹಾರ, ಸತ್ತ ಕೋಳಿಯ ತೂಕ ಎಲ್ಲವನ್ನೂ ಬರೆದಿಡಿ.

ಮೂರನೆಯ ಗುಂಪು ಮೊದಲನೆಯದರ ಸಮಕ್ಕೆ ಬಂದು, ಎರಡನೆಯದು ಹಿಂದೆ ಬಿದ್ದರೆ ಎಂಜೈಮ್ ಹೇಳಿದ ಕೆಲಸ ಮಾಡಿದೆ. ಎರಡನೆಯದೂ ಮೊದಲನೆಯದರಷ್ಟೇ ಬೆಳೆದಿದ್ದರೆ ನಿಮ್ಮ ಆಹಾರದಲ್ಲಿ ಮೊದಲೇ ಪೋಷಕಾಂಶ ಹೆಚ್ಚಾಗಿತ್ತು. ಆ ಪರೀಕ್ಷೆಯಿಂದ ಎಂಜೈಮಿನ ಬಗ್ಗೆ ಏನನ್ನೂ ಹೇಳಲಾಗದು. ಫೈಟೇಸ್ ಪರೀಕ್ಷಿಸುವವರು ತೂಕವೊಂದನ್ನೇ ನೋಡಿದರೆ ಸಾಲದು. ರಂಜಕದ ಕೊರತೆ ತೂಕದಲ್ಲಿ ಕಾಣುವ ಮೊದಲೇ ಎಲುಬಿನಲ್ಲಿ ಕಾಣುತ್ತದೆ. ಪ್ರತಿ ಗುಂಪಿನಿಂದ ಕೆಲವು ಕೋಳಿಗಳ ಮೊಣಕಾಲಿನ ಕೆಳಗಿನ ಎಲುಬನ್ನು ತೆಗೆದು, ಪಶುವೈದ್ಯಕೀಯ ಪ್ರಯೋಗಾಲಯದಲ್ಲಿ ಅದರ ಬೂದಿಯ ಪ್ರಮಾಣವನ್ನು ಅಳೆಸಿದ ಮೇಲೆಯೇ ಡಿಸಿಪಿಯನ್ನು ಇನ್ನಷ್ಟು ಇಳಿಸುವ ಮಾತನ್ನು ಎತ್ತಬೇಕು.